ಲೈಟ್ ಮೇಲೇರಿಸುವ ಮೊದಲು ಅಡ್ರೆಸ್ ಬರೆದುಕೊಳ್ಳಿ

ದಸರಾ ಹತ್ತಿರ ಬಂತು ಅಂದರೆ ಮಡಿಕೇರಿ, ಗೋಣಿಕೊಪ್ಪ ಕಡೆ ವೇದಿಕೆಗೆ ಲೈಟ್ ಕಟ್ಟುವ ಹುಡುಗರಿಂದ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. “ಅಣ್ಣಾ, ಹೊಸ ಪಾರ್ ಲೈಟ್ ತಂದಿದ್ದೀವಿ. ಬೋರ್ಡ್‌ಗೆ ಕೊಟ್ರೆ ಒಂದು ಮಾತು ಕೇಳುತ್ತೆ, ಇನ್ನೊಂದು ಕೇಳಲ್ಲ, ಮತ್ತೊಂದು ಅದರಷ್ಟಕ್ಕೆ ಅದು ಮಿನುಗ್ತಾ ಇರುತ್ತೆ. ಲೈಟ್ ಕೆಟ್ಟಿದೆಯಾ?” ಬಹಳ ಸಲ ಲೈಟ್ ಕೆಟ್ಟಿರುವುದಿಲ್ಲ. ಅಡ್ರೆಸ್ ತಪ್ಪಿರುತ್ತದೆ, ಇಲ್ಲಾ ಮೋಡ್ ತಪ್ಪಿರುತ್ತದೆ, ಇಲ್ಲಾ ಕೇಬಲ್ ಕೈಕೊಟ್ಟಿರುತ್ತದೆ. ಈ ಮೂರನ್ನೂ ಲೈಟ್ ನೆಲದ ಮೇಲೆ ಇರುವಾಗಲೇ ನೋಡಿಕೊಂಡರೆ ಅರ್ಧ ಗಂಟೆಯ ಕೆಲಸ. ಮೇಲೆ ಕಟ್ಟಿದ ಮೇಲೆ, ಅದೂ ಮಳೆ ಹನಿಯುತ್ತಿರುವಾಗ, ಏಣಿ ಹಿಡಿಯಲು ಇಬ್ಬರು, ಹತ್ತಲು ಒಬ್ಬ, ಕೆಳಗಿಂದ ಕೂಗಲು ಒಬ್ಬ ಅಂತ ಇಡೀ ರಾತ್ರಿ ಬೇಕಾಗುತ್ತದೆ. ಅದಕ್ಕೇ ಈ ಬರಹ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳೋಣ. ಬೋರ್ಡ್ ಅಂದರೆ ಲೈಟ್‌ಗಳನ್ನು ಕೂತಲ್ಲಿಂದಲೇ ಆಡಿಸುವ ಪೆಟ್ಟಿಗೆ. ಅದರಿಂದ ಲೈಟ್‌ಗಳಿಗೆ ಮಾತು ಮುಟ್ಟಿಸಲು ನಾವು ಬಳಸುವ ಡಿಎಂಎಕ್ಸ್ 512 ಪದ್ಧತಿಯನ್ನು 1986ರಲ್ಲಿ ರೂಪಿಸಿದ್ದು ಅಮೆರಿಕದ ಯುಎಸ್‌ಐಟಿಟಿ ಎಂಬ ರಂಗತಂತ್ರಜ್ಞರ ಸಂಸ್ಥೆ. ಅಲ್ಲಿಯವರೆಗೆ ಒಂದು ಕಂಪನಿಯ ಬೋರ್ಡ್ ಇನ್ನೊಂದು ಕಂಪನಿಯ ಡಿಮ್ಮರ್ (ಬೆಳಕು ಹೆಚ್ಚುಕಡಿಮೆ ಮಾಡುವ ಸಾಧನ) ಜೊತೆ ಹೊಂದಿಕೊಳ್ಳುವುದೇ ಕಷ್ಟವಾಗಿತ್ತು. ಈ ಪದ್ಧತಿ ಬಂದ ಮೇಲೆ ಎಲ್ಲರಿಗೂ ಒಂದೇ ಭಾಷೆ ಸಿಕ್ಕಿತು. ಒಂದು ಕೇಬಲ್‌ನಲ್ಲಿ 512 ಚಾನೆಲ್, ಒಂದೊಂದು ಚಾನೆಲ್‌ಗೂ 0ಯಿಂದ 255ರವರೆಗೆ ಒಂದು ಸಂಖ್ಯೆ, ಅಷ್ಟೇ. ಬೋರ್ಡ್ ಈ ಸಂಖ್ಯೆಗಳನ್ನು ಒಂದರ ಹಿಂದೆ ಒಂದರಂತೆ ಕಳಿಸುತ್ತಲೇ ಇರುತ್ತದೆ. 512ನ್ನೂ ಪೂರ್ತಿ ಕಳಿಸಿದರೂ ಸೆಕೆಂಡಿಗೆ ಸುಮಾರು 44 ಸಲ ಪೂರಾ ಸಾಲು ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಬೋರ್ಡ್ ಯಾವ ಲೈಟಿನ ಹೆಸರನ್ನೂ ಹಿಡಿದು ಕರೆಯುವುದಿಲ್ಲ. ಎಲ್ಲ ಲೈಟಿಗೂ ಇಡೀ ಸಾಲು ಹೋಗುತ್ತದೆ. ಲೈಟೇ ಮೊದಲಿಂದ ಎಣಿಸುತ್ತಾ ಬಂದು, ತನ್ನ ಅಡ್ರೆಸ್ ಬಂದ ಕೂಡಲೇ ಅಲ್ಲಿಂದ ತನಗೆ ಬೇಕಾದಷ್ಟು ಸಂಖ್ಯೆ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ವಿರಾಜಪೇಟೆ ಬಸ್ಸಿನಲ್ಲಿ ಎಂಟು ಜನರ ಒಂದು ಮನೆಯವರು 1ನೇ ಸೀಟಿನಿಂದ ಕೂತರೆ ಮುಂದಿನ ಮನೆಯವರು 9ರಿಂದ ಕೂರಬೇಕು, ಅಲ್ವಾ? ಇದೂ ಹಾಗೇ. ಅಡ್ರೆಸ್ ಅಂದರೆ ಶುರುವಾಗುವ ಸೀಟ್ ನಂಬರ್ ಮಾತ್ರ. ಎಷ್ಟು ಸೀಟ್ ಬೇಕು ಅನ್ನುವುದನ್ನು ಹೇಳುವುದು ಲೈಟಿನ ಮೋಡ್. ಹಾಗಾಗಿ ಅಡ್ರೆಸ್ ಕೊಡುವುದಕ್ಕೆ ಮೊದಲು ಮೋಡ್ ನೋಡಲೇಬೇಕು.

ನಮ್ಮ ಕಡೆ ಜಾಸ್ತಿ ಸಿಗುವುದು 54 ಎಲ್ಇಡಿಯ ಪಾರ್ ಲೈಟ್. ಅದರಲ್ಲಿ ಬಹಳಷ್ಟು ಎಂಟು ಚಾನೆಲ್ ತೆಗೆದುಕೊಳ್ಳುತ್ತವೆ. ಮೊದಲನೆಯದು ಡಿಮ್ಮರ್, ಆಮೇಲೆ ಕೆಂಪು, ಹಸಿರು, ನೀಲಿ, ಬಿಳಿ, ಆರನೆಯದು ಸ್ಟ್ರೋಬ್ ಅಂದರೆ ಪಟಪಟ ಮಿಟುಕಿಸುವುದು, ಕೊನೆಯ ಎರಡು ಆಟೋ ಪ್ರೋಗ್ರಾಂ ಮತ್ತು ಅದರ ವೇಗ. ಆದರೆ ಇದನ್ನೇ ನಂಬಿ ಕೂರಬೇಡಿ. ನೋಡಲು ಒಂದೇ ಥರ ಇರುವ ಇನ್ನೊಂದು ಲೈಟಿನಲ್ಲಿ ಏಳೇ ಚಾನೆಲ್ ಇರಬಹುದು, ಸ್ಟ್ರೋಬ್ ಎರಡನೆಯ ಜಾಗಕ್ಕೆ ಬಂದಿರಬಹುದು. ಪೆಟ್ಟಿಗೆಯಲ್ಲಿ ಬರುವ ಸಣ್ಣ ಕಾಗದವನ್ನು ದಯವಿಟ್ಟು ಬಿಸಾಡಬೇಡಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕಾಗದ ಇಲ್ಲದಿದ್ದರೆ ಲೈಟನ್ನು 1ಕ್ಕೆ ಇಟ್ಟು ಬೋರ್ಡಿನ ಫೇಡರ್‌ಗಳನ್ನು (ಮೇಲೆ ಕೆಳಗೆ ಜಾರಿಸುವ ಹಿಡಿಗಳು) ಒಂದೊಂದಾಗಿ ಏರಿಸಿ, ಯಾವುದಕ್ಕೆ ಏನಾಗುತ್ತದೆ ಅಂತ ಬರೆದುಕೊಳ್ಳಿ. ಡಿಮ್ಮರ್ ಚಾನೆಲ್ ಇರುವ ಲೈಟಿನಲ್ಲಿ ಡಿಮ್ಮರ್ ಏರಿಸದೆ ಕೆಂಪು ಮಾತ್ರ ಏರಿಸಿದರೆ ಏನೂ ಕಾಣುವುದಿಲ್ಲ. “ಲೈಟ್ ಹೋಗಿದೆ” ಅಂತ ಎತ್ತಿಟ್ಟ ಎಷ್ಟೋ ಲೈಟ್‌ಗಳ ಕಥೆ ಇಷ್ಟೇ.

ಅಡ್ರೆಸ್ ಒಂದರ ಮೇಲೊಂದು ಹತ್ತಿಕೊಂಡರೆ ಏನಾಗುತ್ತದೆ ನೋಡಿ. ಮೊದಲ ಪಾರ್ 1ರಲ್ಲಿದೆ, ಎಂಟು ಚಾನೆಲ್, ಅಂದರೆ 8ರವರೆಗೆ ಅದರದ್ದೇ. ಎರಡನೆಯದನ್ನು ಯಾರೋ 6ಕ್ಕೆ ಇಟ್ಟಿದ್ದಾರೆ. ಈಗ ಮೊದಲ ಲೈಟಿಗೆ ಸ್ಟ್ರೋಬ್ ಕೊಟ್ಟರೆ ಎರಡನೆಯದರ ಡಿಮ್ಮರ್ ತೆರೆದುಕೊಳ್ಳುತ್ತದೆ. ಎರಡನೆಯದಕ್ಕೆ ಕೆಂಪು ಕೊಡಲು ಹೋದರೆ ಮೊದಲನೆಯದು ಆಟೋ ಪ್ರೋಗ್ರಾಂಗೆ ಹಾರಿ ಬಣ್ಣ ಬದಲಿಸುತ್ತಾ ಕೂರುತ್ತದೆ. ದೂರದಿಂದ ನೋಡುವವರಿಗೆ ಲೈಟಿಗೆ ಹುಚ್ಚು ಹಿಡಿದಂತೆ ಕಾಣುತ್ತದೆ. ಆದರೆ ಎರಡೂ ಲೈಟ್ ತಮಗೆ ಬಂದ ಸಂಖ್ಯೆಯನ್ನು ಸರಿಯಾಗಿಯೇ ಪಾಲಿಸುತ್ತಿವೆ. ಇಂಥದ್ದು ಕಂಡರೆ ಸ್ಕ್ರೂಡ್ರೈವರ್ ತೆಗೆಯಬೇಡಿ, ಕಾಗದ ತೆಗೆಯಿರಿ.

ಆ ಕಾಗದದ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ. ಒಂದು ನೋಟ್‌ಬುಕ್ ಹಾಳೆ ಸಾಕು. ಲೈಟಿನ ನಂಬರ್, ಎಲ್ಲಿ ಕಟ್ಟುತ್ತೇವೆ, ಯಾವ ಮೋಡ್, ಎಷ್ಟು ಚಾನೆಲ್, ಎಲ್ಲಿಂದ ಎಲ್ಲಿಯವರೆಗೆ. ನಂಬರ್ ಹಾಕುವಾಗ ಬೋರ್ಡ್ ಹತ್ತಿರ ಕೂತವರ ಕಣ್ಣಿಗೆ ಎಡದಿಂದ ಬಲಕ್ಕೆ ಅಂತ ಮೊದಲೇ ತೀರ್ಮಾನ ಮಾಡಿ ಎಲ್ಲರಿಗೂ ಹೇಳಿಬಿಡಿ. ನಟರಿಗೆ ಎಡ ಅಂದರೆ ನಮಗೆ ಬಲ, ಇದೊಂದೇ ಗೊಂದಲದಿಂದ ಇಡೀ ಸಾಲು ಉಲ್ಟಾ ಕಟ್ಟಿಕೊಂಡು ಕೂರಬೇಕಾಗುತ್ತದೆ. ಬಿಳಿ ಇನ್ಸುಲೇಷನ್ ಟೇಪ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ನಂಬರ್ ಮತ್ತು ಅಡ್ರೆಸ್ ಎರಡನ್ನೂ ಬರೆದು, ಕೆಳಗೆ ನಿಂತು ನೋಡಿದರೂ ಕಾಣುವಂತೆ ಲೈಟಿನ ಮೈಗೆ ಅಂಟಿಸಿ. ಹಿಂದಿನ ಕಾರ್ಯಕ್ರಮದ ಟೇಪ್ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ಹಳೇ ನಂಬರ್ ನಂಬಿಕೊಂಡು ಹೋದರೆ ಇಡೀ ಲೆಕ್ಕ ಕೆಡುತ್ತದೆ.

ಅಡ್ರೆಸ್‌ಗಳ ನಡುವೆ ಜಾಗ ಬಿಡಿ ಅಂತಲೂ ಹೇಳುತ್ತೇನೆ. 512 ಇದೆಯಲ್ಲ, ಸಣ್ಣ ವೇದಿಕೆಗೆ ಅಷ್ಟು ಎಲ್ಲಿ ಬೇಕು? ಹಬ್ಬದ ಸೀಸನ್‌ನಲ್ಲಿ ಊರಲ್ಲಿ ಲೈಟ್ ಸಿಗದೆ ಕೊನೆ ಗಳಿಗೆಯಲ್ಲಿ ಮೈಸೂರಿನಿಂದ ಬಾಡಿಗೆಗೆ ತರಿಸುವುದುಂಟು. ಎಂಟು ಚಾನೆಲ್ ಲೈಟಿನ ಜಾಗಕ್ಕೆ ಹತ್ತು ಚಾನೆಲ್‌ನದ್ದು ಬಂದು ಇಳಿಯುತ್ತದೆ. ಒತ್ತೊತ್ತಾಗಿ ಕೊಟ್ಟಿದ್ದರೆ ಅದರ ಮುಂದಿನ ಎಲ್ಲ ಲೈಟಿನ ಅಡ್ರೆಸ್ ಬದಲಿಸಬೇಕು. ಹದಿನಾರರ ಲೆಕ್ಕದಲ್ಲಿ ಬಿಟ್ಟಿದ್ದರೆ ಯಾರಿಗೂ ತೊಂದರೆ ಇಲ್ಲ.

ಹದಿನಾರು ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಶಾಲೆ, ಸಂಘ, ಸಮಾಜದ ಹಾಲ್‌ಗಳಲ್ಲಿ ಇರುವ ಅಗ್ಗದ ಬೋರ್ಡ್ ಹೆಚ್ಚಾಗಿ 192 ಚಾನೆಲ್‌ನದ್ದು. ಅದು ಹನ್ನೆರಡು ಲೈಟಿಗೆ ತಲಾ 16 ಚಾನೆಲ್ ಅಂತ ಮೊದಲೇ ಹಂಚಿಟ್ಟಿರುತ್ತದೆ, ನಿಮ್ಮ ಲೈಟಿಗೆ ಎಂಟೇ ಸಾಕಾದರೂ ಸರಿ. ಹಾಗಾಗಿ ಅದರಲ್ಲಿ ಅಡ್ರೆಸ್ 1, 17, 33, 49 ಹೀಗೆ ಹೋಗಿ ಹನ್ನೆರಡನೆಯದು 177ಕ್ಕೆ ಬರುತ್ತದೆ. ಬಟನ್‌ಗೆ ಸರಿಯಾಗಿ ಲೈಟ್ ಕೇಳಬೇಕಾದರೆ ಈ ಲೆಕ್ಕವೇ ಹಿಡಿಯಬೇಕು. ಹನ್ನೆರಡಕ್ಕಿಂತ ಜಾಸ್ತಿ ಲೈಟ್ ಇದ್ದರೂ ದಾರಿ ಇದೆ. ಎಂಟು ಚಾನೆಲ್ ಪಾರ್ ಒಂದನ್ನು 1ಕ್ಕೆ, ಇನ್ನೊಂದನ್ನು 9ಕ್ಕೆ ಇಡಿ. ಬೋರ್ಡಿನಲ್ಲಿ ಎಂಟು ಫೇಡರ್, ಪೇಜ್ ಎ ಒತ್ತಿದರೆ ಮೊದಲನೆಯದು, ಪೇಜ್ ಬಿ ಒತ್ತಿದರೆ ಎರಡನೆಯದು. ಒಂದೇ ಬಟನ್‌ನಲ್ಲಿ ಎರಡು ಲೈಟ್ ಬಂದವು.

ಇನ್ನು ಎಲ್ಲ ಲೈಟಿಗೂ ಬೇರೆ ಬೇರೆ ಅಡ್ರೆಸ್ ಕೊಡಲೇಬೇಕು ಅಂತೇನಿಲ್ಲ. ವೇದಿಕೆಯ ಮುಂದಿನಿಂದ ಮುಖಕ್ಕೆ ಬೀಳುವ ನಾಲ್ಕು ಪಾರ್ ಯಾವಾಗಲೂ ಒಟ್ಟಿಗೇ ಉರಿಯುವುದಾದರೆ ನಾಲ್ಕಕ್ಕೂ 1 ಅಂತಲೇ ಕೊಡಿ. ಒಂದು ಫೇಡರ್ ಎತ್ತಿದರೆ ನಾಲ್ಕೂ ಏಳುತ್ತವೆ. ನಾಲ್ಕೂ ಒಂದೇ ಮಾಡೆಲ್, ಒಂದೇ ಮೋಡ್ ಇರಬೇಕು ಅಷ್ಟೇ. ಕೊಡವ ಹೆಂಗಸರ ಉಮ್ಮತ್ತಾಟ್‌ನಂಥ ಕುಣಿತಕ್ಕೆ ವೇದಿಕೆ ಇಡೀ ಒಂದೇ ಸಮ ಬೆಳಕು ಬೇಕು, ಸೀರೆಯ ಬಣ್ಣ ಅದರ ನಿಜ ರೂಪದಲ್ಲೇ ಕಾಣಬೇಕು, ಅಲ್ಲಿ ಒಂದೊಂದು ಲೈಟನ್ನೂ ಬಿಡಿಬಿಡಿಯಾಗಿ ಆಡಿಸುವ ಅಗತ್ಯವೇ ಇಲ್ಲ.

ಹೊಸ ಲೈಟಿನ ಹಿಂದೆ ಸಣ್ಣ ಡಿಸ್‌ಪ್ಲೇ, ಕೆಳಗೆ ನಾಲ್ಕು ಬಟನ್ ಇರುತ್ತವೆ. ಮೆನು ಒತ್ತಿ, ಅಡ್ರೆಸ್‌ಗೆ ಹೋಗಿ, ಸಂಖ್ಯೆ ಏರಿಸಿ, ಎಂಟರ್ ಒತ್ತಿ. ಎಂಟರ್ ಒತ್ತದಿದ್ದರೆ ಕೆಲವು ಲೈಟಿನಲ್ಲಿ ಅದು ಉಳಿಯುವುದಿಲ್ಲ. ಆದ್ದರಿಂದ ಕರೆಂಟ್ ತೆಗೆದು ಮತ್ತೆ ಕೊಟ್ಟು ಅದೇ ಸಂಖ್ಯೆ ಇದೆಯಾ ಅಂತ ನೋಡಿ, ಆಮೇಲೇ ಟೇಪ್ ಅಂಟಿಸಿ. ಹಳೆಯ ಲೈಟಿನಲ್ಲಿ ಡಿಸ್‌ಪ್ಲೇ ಇರುವುದಿಲ್ಲ, ಒಂದು ಸಾಲು ಪುಟ್ಟ ಸ್ವಿಚ್ ಇರುತ್ತವೆ. ಅದಕ್ಕೆ ಡಿಪ್ ಸ್ವಿಚ್ ಅಂತಾರೆ. ಮೊದಲನೆಯದರ ಬೆಲೆ 1, ಮುಂದಿನದು 2, ಆಮೇಲೆ 4, 8, 16, 32, 64, 128, ಒಂಬತ್ತನೆಯದು 256. ಮೇಲೆತ್ತಿದ ಸ್ವಿಚ್‌ಗಳನ್ನು ಕೂಡಿದರೆ ಅಡ್ರೆಸ್. 33 ಬೇಕಾದರೆ 32 ಮತ್ತು 1, ಅಂದರೆ ಆರನೆಯದು ಮತ್ತು ಮೊದಲನೆಯದು. 177ಕ್ಕೆ 128, 32, 16, 1. ಬೇಕಾದ ಸಂಖ್ಯೆಯಿಂದ ದೊಡ್ಡದನ್ನು ಮೊದಲು ಕಳೆಯುತ್ತಾ ಬಂದರೆ ತಲೆಯಲ್ಲೇ ಆಗುತ್ತದೆ. ಹತ್ತನೆಯ ಸ್ವಿಚ್ ಇದ್ದರೆ ಅದು ಸಾಮಾನ್ಯವಾಗಿ ಅಡ್ರೆಸ್‌ಗೆ ಸೇರಿದ್ದಲ್ಲ, ಸೌಂಡ್ ಅಥವಾ ಡಿಎಂಎಕ್ಸ್ ಅಂತ ಆರಿಸಲು.

ಈ ಸೌಂಡ್ ಮೋಡ್ ವಿಷಯ ಹೇಳಲೇಬೇಕು. ವಾಲಗ ಶುರುವಾದ ಕೂಡಲೇ ಒಂದು ಲೈಟ್ ಮಾತ್ರ ತಾಳಕ್ಕೆ ಸರಿಯಾಗಿ ಬಣ್ಣ ಬದಲಿಸುತ್ತಿದೆ ಅಂದರೆ ಅದು ಕೆಟ್ಟಿಲ್ಲ, ಸೌಂಡ್ ಮೋಡ್‌ನಲ್ಲಿದೆ. ಅದರೊಳಗಿನ ಪುಟ್ಟ ಮೈಕ್ ಡೋಲಿನ ಸದ್ದು ಕೇಳಿಸಿಕೊಳ್ಳುತ್ತಿದೆ. ಅದಕ್ಕಿಂತ ಜಾಸ್ತಿ ಕಾಡುವುದು ಆಟೋ ಅಥವಾ ಮಾಸ್ಟರ್ ಮೋಡ್‌ನಲ್ಲಿ ಉಳಿದುಹೋದ ಲೈಟ್. ಹಲವು ಅಗ್ಗದ ಪಾರ್‌ಗಳು ಆ ಮೋಡ್‌ನಲ್ಲಿ ತಾವೇ ಕೇಬಲ್‌ಗೆ ಸಿಗ್ನಲ್ ಬಿಡುತ್ತವೆ. ಬೋರ್ಡ್ ಒಂದು ಹೇಳುತ್ತದೆ, ಈ ಲೈಟ್ ಇನ್ನೊಂದು ಹೇಳುತ್ತದೆ, ಸಾಲಿನಲ್ಲಿರುವ ಎಲ್ಲ ಲೈಟೂ ಗಲಿಬಿಲಿಯಾಗುತ್ತವೆ. ಹತ್ತು ಲೈಟ್ ಒಟ್ಟಿಗೆ ಕೆಟ್ಟಂತೆ ಕಂಡರೆ ಹತ್ತನ್ನೂ ಬಿಚ್ಚುವ ಮೊದಲು ಯಾವುದಾದರೂ ಒಂದು ಮಾಸ್ಟರ್‌ನಲ್ಲಿದೆಯಾ ನೋಡಿ.

ತಲೆ ತಿರುಗಿಸುವ ಲೈಟ್, ಅಂದರೆ ಮೂವಿಂಗ್ ಹೆಡ್‌ಗೂ ಇದೇ ಕ್ರಮ, ಚಾನೆಲ್ ಮಾತ್ರ ಜಾಸ್ತಿ. ನಮ್ಮಲ್ಲಿ ಯಾವ ಬೀಮ್ ಲೈಟ್ ಬಂದರೂ ಶಾರ್ಪಿ ಅಂತಲೇ ಕರೆಯುತ್ತಾರೆ, ಹದಿನಾರು ಚಾನೆಲ್ ಮೋಡ್ ಹೆಚ್ಚು ಬಳಕೆಯಲ್ಲಿದೆ. ಪ್ಯಾನ್ (ಅಕ್ಕಪಕ್ಕ ತಿರುಗುವುದು), ಟಿಲ್ಟ್‌ಗೆ (ಮೇಲೆ ಕೆಳಗೆ ಬಾಗುವುದು) ಎರಡೆರಡು ಚಾನೆಲ್ ಯಾಕೆ ಅಂತ ಕೇಳುತ್ತಾರೆ. ಒಂದೇ ಚಾನೆಲ್ ಆದರೆ ಇಡೀ ತಿರುವಿಗೆ 256 ಹೆಜ್ಜೆ ಮಾತ್ರ, ನಿಧಾನಕ್ಕೆ ತಿರುಗಿಸಿದರೆ ಜರಕ್ ಜರಕ್ ಅನ್ನುತ್ತದೆ. ಎರಡನೆಯದು ಸೇರಿದರೆ 65,536 ಹೆಜ್ಜೆ, ಬೆಳಕು ನುಣ್ಣಗೆ ಜಾರುತ್ತದೆ. ಅಂದಹಾಗೆ, ಮಡಿಕೇರಿಯ ಬಯಲಿನಲ್ಲಿ ಬೀಮ್ ಕಾಣಲು ಎಷ್ಟೋ ರಾತ್ರಿ ಹೊಗೆ ಯಂತ್ರವೇ ಬೇಕಿಲ್ಲ, ಮಂಜೇ ಆ ಕೆಲಸ ಮಾಡುತ್ತದೆ. ಅಷ್ಟು ಚೆಂದದ ಬೀಮ್ ಬೇರೆ ಊರಲ್ಲಿ ನಾನು ನೋಡಿಲ್ಲ.

ಈಗ ಕೇಬಲ್. ಮೈಕ್‌ನವರು ಕ್ಯಾನನ್ ಪಿನ್ ಅನ್ನುತ್ತಾರಲ್ಲ, ಅದೇ ಎಕ್ಸ್‌ಎಲ್‌ಆರ್. ನಿಯಮದ ಪ್ರಕಾರ ಡಿಎಂಎಕ್ಸ್‌ಗೆ ಐದು ಪಿನ್‌ದು ಇರಬೇಕು, ಆದರೆ ನಮಗೆ ಸಿಗುವ ಲೈಟ್‌ಗಳಲ್ಲಿ ಬಹುತೇಕ ಮೂರು ಪಿನ್‌ದೇ. 1 ಶೀಲ್ಡ್, 2 ಮೈನಸ್, 3 ಪ್ಲಸ್. ಕೆಲವು ಲೈಟ್, ಕೆಲವು ಬೋರ್ಡಿನಲ್ಲಿ 2 ಮತ್ತು 3 ಅದಲುಬದಲಾಗಿರುತ್ತವೆ, ಅದಕ್ಕೇ 192 ಬೋರ್ಡಿನ ಹಿಂದೆ ಎಷ್ಟೋ ಕಡೆ ಪೊಲಾರಿಟಿ ಸ್ವಿಚ್ ಕೊಟ್ಟಿರುತ್ತಾರೆ. ಮೂರು ಪಿನ್ ಅಂತ ಮೈಕ್ ಕೇಬಲ್ ಹಾಕುವವರು ಬಹಳ ಜನ. ಹತ್ತಿರದಲ್ಲಿ ನಾಲ್ಕಾರು ಲೈಟಿಗೆ ನಡೆಯುತ್ತದೆ, ದೂರ ಹೋದಂತೆ ಕೈಕೊಡುತ್ತದೆ. ಡಿಎಂಎಕ್ಸ್ ಕೇಬಲ್ ಸುಮಾರು 120 ಓಮ್ ಇಂಪೆಡೆನ್ಸ್‌ನದ್ದು, ಮೈಕ್ ಕೇಬಲ್‌ನದ್ದು ಅದಕ್ಕಿಂತ ಬಹಳ ಕಡಿಮೆ.

ಬೋರ್ಡ್‌ನಿಂದ ಮೊದಲ ಲೈಟಿನ ಇನ್‌ಗೆ, ಅದರ ಔಟ್‌ನಿಂದ ಎರಡನೆಯದರ ಇನ್‌ಗೆ, ಹೀಗೆ ಸರಪಳಿ ಹೋಗಬೇಕು. ನಡುವೆ ವೈ ಕೇಬಲ್ ಹಾಕಿ ಕವಲು ಒಡೆಯಬಾರದು, ಎರಡು ದಿಕ್ಕಿಗೆ ಹೋಗಬೇಕಾದರೆ ಸ್ಪ್ಲಿಟರ್ ಅನ್ನುವ ಸಿಗ್ನಲ್ ಹಂಚುವ ಡಬ್ಬಿ ಬೇಕು. ಒಂದು ಸಾಲಿಗೆ 32 ಲೈಟ್ ಅನ್ನುವುದು ಮಿತಿ. ಕೊನೆಯ ಲೈಟಿನ ಔಟ್‌ನಲ್ಲಿ ಟರ್ಮಿನೇಟರ್. ಇದನ್ನು ಹಾಕದಿದ್ದರೆ ಸಿಗ್ನಲ್ ಕೇಬಲ್‌ನ ಕೊನೆಗೆ ಬಡಿದು ವಾಪಸ್ ಬಂದು ಹೊಸ ಸಿಗ್ನಲ್ ಜೊತೆ ಕಲಸಿಕೊಳ್ಳುತ್ತದೆ, ಆಗ ಲೈಟ್ ಮಿನುಗುತ್ತದೆ, ಮೂವಿಂಗ್ ಹೆಡ್ ಬೆಚ್ಚಿಬಿದ್ದಂತೆ ತಲೆ ಒದರುತ್ತದೆ. ಅಂಗಡಿಯಲ್ಲಿ ಕೊಳ್ಳುವ ಅಗತ್ಯ ಇಲ್ಲ. ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯಲ್ಲಿ 120 ಓಮ್ ರೆಸಿಸ್ಟರ್ ಕೇಳಿ, ಪಟ್ಟಿಯ ಬಣ್ಣ ಕಂದು, ಕೆಂಪು, ಕಂದು ಇರಬೇಕು. ಒಂದು ಗಂಡು ಕ್ಯಾನನ್ ಪಿನ್ ಬಿಚ್ಚಿ, ರೆಸಿಸ್ಟರ್‌ನ ಒಂದು ಕಾಲು 2ಕ್ಕೆ, ಇನ್ನೊಂದು 3ಕ್ಕೆ ಸೋಲ್ಡರ್ ಮಾಡಿ, 1ನ್ನು ಖಾಲಿ ಬಿಟ್ಟು ಮುಚ್ಚಿ. ಕೆಂಪು ಟೇಪ್ ಸುತ್ತಿಡಿ, ಕತ್ತಲಲ್ಲಿ ಬೇಗ ಸಿಗುತ್ತದೆ.

ಈ ಟರ್ಮಿನೇಟರ್‌ನಿಂದ ಇನ್ನೊಂದು ದೊಡ್ಡ ಉಪಯೋಗ ಇದೆ, ಇದನ್ನು ಬಹಳ ಜನ ಬಳಸುವುದಿಲ್ಲ. ಎಲ್ಲ ಕೇಬಲ್ ಹಾಕಿ, ಕೊನೆಯಲ್ಲಿ ಟರ್ಮಿನೇಟರ್ ಹಾಕಿ, ಲೈಟಿನ ಕರೆಂಟ್ ಆರಿಸಿ, ಬೋರ್ಡ್ ಕಡೆಯ ಕೇಬಲ್ ಕಿತ್ತು, ಅದರ 2 ಮತ್ತು 3ರ ನಡುವೆ ಮಲ್ಟಿಮೀಟರ್ ಹಿಡಿಯಿರಿ. 120ರ ಆಸುಪಾಸು ಬಂದರೆ ಸಾಲು ಕೊನೆಯವರೆಗೂ ಸರಿಯಾಗಿ ಮುಟ್ಟಿದೆ. 60ರ ಹತ್ತಿರ ಬಂದರೆ ಎಲ್ಲೋ ಎರಡು ಟರ್ಮಿನೇಟರ್ ಇವೆ. ಸೊನ್ನೆ ಬಂದರೆ ಶಾರ್ಟ್. ತೀರಾ ಜಾಸ್ತಿ ತೋರಿಸಿದರೆ ನಡುವೆ ಕೇಬಲ್ ತುಂಡಾಗಿದೆ. ಹೆಚ್ಚಿನ ಲೈಟಿನಲ್ಲಿ ಇನ್ ಮತ್ತು ಔಟ್ ಒಳಗೆ ನೇರ ಜೋಡಿಸಿರುವುದರಿಂದ ಕರೆಂಟ್ ಇಲ್ಲದೆಯೂ ಈ ಪರೀಕ್ಷೆ ನಡೆಯುತ್ತದೆ. ಒಂದು ನಿಮಿಷದಲ್ಲಿ ಇಡೀ ಕೇಬಲ್ ಸಾಲಿನ ಆರೋಗ್ಯ ಗೊತ್ತಾಯಿತು.

ಮಳೆಯ ಮಾತು ಬೇರೆ ಹೇಳಬೇಕಾಗಿಲ್ಲ ನಮ್ಮೂರಿನವರಿಗೆ. ದಸರಾ ಹೊತ್ತಿಗೂ ಅದು ಬಿಟ್ಟಿರುವುದಿಲ್ಲ. ಐಪಿ65 ಅಂತ ಬರೆದಿರುವ ಲೈಟ್ ಮಾತ್ರ ಹೊರಗೆ ನೆನೆಯಬಹುದು. ಐಪಿ20 ಒಳಾಂಗಣದ್ದು, ಅದನ್ನು ಪ್ಲಾಸ್ಟಿಕ್‌ನಲ್ಲಿ ಪೂರ್ತಿ ಸುತ್ತಿದರೆ ಫ್ಯಾನಿಗೆ ಗಾಳಿ ಸಿಗದೆ ಬಿಸಿಯಾಗಿ ಸಾಯುತ್ತದೆ, ಮೇಲೆ ಮಾತ್ರ ಸೂರಿನಂತೆ ಕಟ್ಟಿ. ಕೇಬಲ್ ಕನೆಕ್ಟರ್‌ಗಿಂತ ಕೆಳಗೆ ಸ್ವಲ್ಪ ಜೋತು ಬಿದ್ದು ಮೇಲೆ ಬರಬೇಕು, ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪಿನ್ ಒಳಗೆ ಇಳಿಯುವುದಿಲ್ಲ.

ದೇವರ ಕಥೆಯ ದೃಶ್ಯ ಕಟ್ಟಿ ದಸರಾ ಮೆರವಣಿಗೆಯಲ್ಲಿ ಸಾಗುವ ಮಂಟಪದ ಕೆಲಸ ವೇದಿಕೆಯದ್ದಕ್ಕಿಂತ ಕಷ್ಟ. ವಿಜಯದಶಮಿ ರಾತ್ರಿ ಮಡಿಕೇರಿಯ ಹತ್ತು ಮಂಟಪಗಳು ಬೆಳಗಿನವರೆಗೆ ಬೀದಿಯಲ್ಲಿರುತ್ತವೆ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ಎಲ್ಲವೂ ಅಲುಗುತ್ತಲೇ ಇರುತ್ತದೆ. ಕ್ಯಾನನ್ ಪಿನ್ ಟಕ್ ಅಂತ ಕೂತಿದೆಯಾ ನೋಡಿ, ಪಕ್ಕದಲ್ಲೇ ಕೇಬಲ್ ಟೈ ಹಾಕಿ ಎಳೆತ ಪಿನ್ ಮೇಲೆ ಬೀಳದಂತೆ ಮಾಡಿ. ವೈರ್‌ಲೆಸ್ ಡಿಎಂಎಕ್ಸ್ ಹಾಕುವ ಆಸೆ ಈಗ ಜಾಸ್ತಿಯಾಗಿದೆ. ನಾನು ಮಂಟಪದೊಳಗೆ ಕೇಬಲ್ಲೇ ಹಾಕಿ ಅಂತೀನಿ. ಅಗ್ಗದ ವೈರ್‌ಲೆಸ್ ಡಬ್ಬಿಗಳು 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತವೆ, ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಅವುಗಳಲ್ಲಿ ಬಣ್ಣದ ಎಲ್ಇಡಿಯಿಂದ ಗುರುತಿಸುವ ಏಳು ಗುಂಪು ಮಾತ್ರ ಇರುತ್ತವೆ. ಪಕ್ಕದ ಮಂಟಪದವರೂ ಅದೇ ಬಣ್ಣ ಇಟ್ಟುಕೊಂಡಿದ್ದರೆ ಅವರ ಕಥೆಯ ಬೆಳಕು ನಿಮ್ಮ ಕಥೆಗೆ ನುಗ್ಗುತ್ತದೆ. ಬೇಕೇ ಬೇಕು ಅಂದರೆ ಮುಂಚೆಯೇ ಅವರ ಜೊತೆ ಮಾತಾಡಿ ಬಣ್ಣ ಹಂಚಿಕೊಳ್ಳಿ.

ಇನ್ನೊಂದು ವಿಷಯದಲ್ಲಿ ನಾನು ಹಟಮಾರಿ. ಬೆಂಕಿ ಉಗುಳುವ ಯಂತ್ರ, ಪಟಾಕಿ, ಮೂರ್ತಿಯ ಕೈ ಎತ್ತುವ ಹೈಡ್ರಾಲಿಕ್, ಇವನ್ನು ಡಿಎಂಎಕ್ಸ್‌ಗೆ ಕೊಡಲೇಬೇಡಿ. ಈ ಪದ್ಧತಿಯಲ್ಲಿ ತಪ್ಪು ಸಂಖ್ಯೆ ಬಂದರೆ ಅದನ್ನು ಪತ್ತೆ ಹಚ್ಚುವ ವ್ಯವಸ್ಥೆಯೇ ಇಲ್ಲ. ಲೈಟಿಗೆ ಒಂದು ಕ್ಷಣ ತಪ್ಪು ಸಂಖ್ಯೆ ಹೋದರೆ ಮಿನುಗುತ್ತದೆ ಅಷ್ಟೇ, ಬೆಂಕಿಗೆ ಹೋದರೆ ಮುಂದೆ ನಿಂತ ಮಗುವಿನ ಮುಖದ ಪ್ರಶ್ನೆ. ಅಪಾಯದ ಕೆಲಸಕ್ಕೆ ಇದು ತಕ್ಕದ್ದಲ್ಲ ಅಂತ ಡಿಎಂಎಕ್ಸ್ ಮಾನದಂಡದಲ್ಲೇ ಹೇಳಿದೆ. ಅವಕ್ಕೆ ಬೇರೆ ವೈರ್, ಬೇರೆ ಸ್ವಿಚ್, ಕಣ್ಣಿಟ್ಟು ನೋಡುತ್ತಿರುವ ಒಬ್ಬ ಮನುಷ್ಯ ಇರಲಿ. ಎಷ್ಟು ಹೊಸ ಬೋರ್ಡ್ ಬಂದರೂ ಈ ಮಾತನ್ನು ನಾನು ಬದಲಿಸುವುದಿಲ್ಲ.

ಕಲಿಯುವ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ಲೈಟ್, ಬೋರ್ಡ್ ಏನೂ ಇಲ್ಲದೆಯೂ ಅಡ್ರೆಸ್ ಲೆಕ್ಕ ಅಭ್ಯಾಸ ಮಾಡಬಹುದು. ಕ್ಯೂಎಲ್‌ಸಿ ಪ್ಲಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಳೇ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಲೈಟ್‌ನ ಮಾಡೆಲ್ ಮತ್ತು ಮೋಡ್ ಆರಿಸಿದರೆ ಎಷ್ಟು ಚಾನೆಲ್ ಬೇಕು ಅಂತ ಅದೇ ಹೇಳುತ್ತದೆ, ಡಿಪ್ ಸ್ವಿಚ್ ಹೇಗಿರಬೇಕು ಅಂತ ಚಿತ್ರ ಕೂಡ ತೋರಿಸುತ್ತದೆ. ಮುಂದೆ ಒಂದು ಯುಎಸ್‌ಬಿ ಡಿಎಂಎಕ್ಸ್ ಕೇಬಲ್ ತಂದರೆ ಅದೇ ಲ್ಯಾಪ್‌ಟಾಪ್ ಬೋರ್ಡ್ ಆಗುತ್ತದೆ. ನಿಮ್ಮ ಹತ್ತಿರ ಇರುವ ಲೈಟಿನ ಹಿಂಬದಿಯ ಫೋಟೋ, ಮೋಡ್‌ನ ಕಾಗದ ಎರಡನ್ನೂ ಕಳಿಸಿದರೆ ಅಡ್ರೆಸ್ ಹಾಳೆ ಮಾಡಲು ನಾನು ಜೊತೆಗಿರುತ್ತೇನೆ. ನವರಾತ್ರಿ ಶುರುವಾಗುವ ಮೊದಲೇ ಕಳಿಸಿ, ಆಮೇಲೆ ನಾನೂ ಮಂಟಪದ ಕೆಳಗೇ ಇರುತ್ತೇನೆ, ಫೋನ್ ಕೇಳಿಸುವುದಿಲ್ಲ.